ಸಣ್ಣ ತಿದ್ದುಪಡಿಗೇ ಹೆಚ್ಚು ವಿವರಣೆ ಬೇಕು

ಲಿನಕ್ಸ್ ಕರ್ನೆಲ್‌ನ ಕೆಪ್ರೋಬ್ಸ್ ಎಂಬ ಭಾಗವನ್ನು ಕಟ್ಟುವಲ್ಲಿ ಬೆಂಗಳೂರಿನ ಐಬಿಎಂ ಎಂಜಿನಿಯರುಗಳ ಪಾಲು ದೊಡ್ಡದು. ಓಡುತ್ತಿರುವ ಕರ್ನೆಲ್‌ನಲ್ಲಿ ಬೇಕಾದ ಕಡೆ ಬ್ರೇಕ್‌ಪಾಯಿಂಟ್ ಇಟ್ಟು ಒಳಗೇನು ನಡೆಯುತ್ತಿದೆಯೆಂದು ನೋಡಲು ನೆರವಾಗುವ ಈ ವ್ಯವಸ್ಥೆ 2004ರಲ್ಲಿ, 2.6.9ನೇ ಆವೃತ್ತಿಯಲ್ಲಿ, ಮುಖ್ಯ ಕರ್ನೆಲ್ ಸೇರಿತು. ಅದರ ಮೂಲ ಕಡತದ ತಲೆಯಲ್ಲೇ ಒಂದು ಪಟ್ಟಿಯಿದೆ: 2002ರ ಅಕ್ಟೋಬರಿನಲ್ಲಿ ವಂಶಿ ಕೃಷ್ಣ ಅವರಿಂದ ಆರಂಭ, 2004ರ ಜುಲೈನಲ್ಲಿ ಸುಪರ್ಣಾ ಭಟ್ಟಾಚಾರ್ಯ ಅವರಿಂದ ಹೊಸ ಬಗೆಯ ಪ್ರೋಬ್, ಆಗಸ್ಟಿನಲ್ಲಿ ಪ್ರಸನ್ನ ಪಂಚಮುಖಿ ಅವರಿಂದ ಪರಿಷ್ಕರಣೆ. ಯಾರು, ಯಾವಾಗ, ಏನು ಎಂಬುದು ಅಲ್ಲಿ ಸಿಗುತ್ತದೆ. ಯಾಕೆ ಎಂಬುದು ಸಿಗುವುದಿಲ್ಲ. ಅಂದಿನ ರೂಢಿಯೇ ಹಾಗಿತ್ತು, ಅವರ ದೋಷವಲ್ಲ. ಬದಲಾವಣೆಯ ಜೊತೆ ದಾಖಲಾಗುವ ವಿವರಣೆ, ಅಂದರೆ ಕಮಿಟ್ ಮೆಸೇಜ್, ಅದರ ಇತಿಹಾಸವೆಂದರೆ ಈ 'ಯಾಕೆ'ಗೆ ಜಾಗ ಸಿಕ್ಕಿದ ಇತಿಹಾಸ.

2002ರಲ್ಲಿ ಬಿಟ್‌ಕೀಪರ್ ಬರುವವರೆಗೆ ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಆವೃತ್ತಿ ದಾಖಲೆಯ ಯಾವ ತಂತ್ರಾಂಶವನ್ನೂ ಬಳಸುತ್ತಿರಲಿಲ್ಲ. ಪ್ಯಾಚ್‌ನ, ಅಂದರೆ ಕಳಿಸಿದ ತಿದ್ದುಪಡಿಯ, ಜೊತೆ ಬಂದ ವಿವರಣೆ ಇಮೇಲಿನಲ್ಲೇ ಉಳಿಯುತ್ತಿತ್ತು. ಲಿನಕ್ಸ್‌ನಲ್ಲಿ ತನ್ನ ಕೋಡ್ ಸೇರಿದೆಯೆಂದು ಎಸ್‌ಸಿಒ ಕಂಪನಿ ಹೂಡಿದ ಮೊಕದ್ದಮೆಯ ನಂತರ, 2004ರಲ್ಲಿ, ಪ್ರತಿ ಬದಲಾವಣೆಗೂ ಹೊಣೆಗಾರರ ಸಹಿಯ ಸಾಲು ಬಂತು. 2005ರ ಏಪ್ರಿಲಿನಲ್ಲಿ ಬಿಟ್‌ಕೀಪರ್‌ನ ಜಾಗಕ್ಕೆ ಗಿಟ್ ಬಂತು, ಅದೇ ವರ್ಷ ಅದರ ಬೈಸೆಕ್ಟ್ ಆದೇಶ ಕೂಡ. ನನ್ನ ಮಟ್ಟಿಗೆ ನಿಜವಾದ ತಿರುವು ಈ ಬೈಸೆಕ್ಟ್. ಹತ್ತು ಸಾವಿರ ಬದಲಾವಣೆಗಳ ನಡುವೆ ಅಡಗಿದ ತಪ್ಪನ್ನು ಅದು ಅರ್ಧರ್ಧ ಮಾಡುತ್ತ ಸುಮಾರು 14 ಪರೀಕ್ಷೆಗಳಲ್ಲಿ ಹಿಡಿದುಕೊಡುತ್ತದೆ. ಹಾಗೆ ಸಿಕ್ಕಿದ್ದು ಬಹಳ ಸಲ ಒಂದೇ ಸಾಲಿನ ಬದಲಾವಣೆ. 'ಚಿಕ್ಕದು' ಎಂಬ ಚಿಹ್ನೆ 'ಚಿಕ್ಕದು ಅಥವಾ ಸಮ' ಎಂದಾಗಿರುತ್ತದೆ, ಅಷ್ಟೆ. ಅದನ್ನು ಹಿಂದಕ್ಕೆ ತೆಗೆದರೆ ಇನ್ನೇನು ಮುರಿಯುತ್ತದೆಂದು ಹೇಳಬಲ್ಲ ಸಾಕ್ಷಿ ಅದರ ಜೊತೆಗಿನ ಬರಹ ಮಾತ್ರ. ಜಮೀನಿನ ದಾಖಲೆಯಲ್ಲೂ ಹೀಗೆಯೇ: ಶೆಟ್ಟಿಹಳ್ಳಿಯ ನಿವೇಶನವೊಂದರ ಖಾತೆ ಬದಲಾದರೆ ಅದು ಕ್ರಯವೋ ವಿಭಾಗವೋ ಪೌತಿಯೋ ಎಂಬುದು ದಾಖಲೆಯಲ್ಲಿರಬೇಕು. ಹೊಸ ಹೆಸರೊಂದೇ ಇದ್ದರೆ ಮುಂದಿನ ತಕರಾರು ಬಗೆಹರಿಯದು. ಕರ್ನೆಲ್‌ನಲ್ಲಿ ಮುಂದೆ 'ಫಿಕ್ಸಸ್' ಎಂಬ ಸಾಲೂ ರೂಢಿಗೆ ಬಂತು. ತಪ್ಪು ಹುಟ್ಟಿದ ಹಳೆಯ ಕಮಿಟ್‌ನ ಗುರುತಿನ ಮೊದಲ 12 ಅಕ್ಷರಗಳು ಅದರಲ್ಲಿರುತ್ತವೆ. ಯಾವ ಸ್ಥಿರ ಆವೃತ್ತಿಗಳಿಗೆ ತಿದ್ದುಪಡಿ ಹೋಗಬೇಕೆಂದು ತೀರ್ಮಾನಿಸಲು ಅದು ನೆರವಾಗುತ್ತದೆ.

ಕೋಡ್ ಓದಿದರೆ ಸಾಲದೇ ಎನ್ನುವವರಿದ್ದಾರೆ. ಕೋಡ್ ಈಗಿನ ನಡತೆಯನ್ನು ಹೇಳುತ್ತದೆ. ಮೊದಲಿದ್ದದ್ದು ಯಾವ ಯಂತ್ರದಲ್ಲಿ, ಯಾವ ಸಂದರ್ಭದಲ್ಲಿ ಕೈಕೊಟ್ಟಿತೆಂದು ಹೇಳುವುದಿಲ್ಲ. ಕೋಡಿನೊಳಗಿನ ಟಿಪ್ಪಣಿ ಬೇಕು, ಆದರೆ ಸುತ್ತಲಿನ ಕೋಡ್ ಬದಲಾದಾಗ ಅದು ಹಳಸುತ್ತದೆ. ಕಮಿಟ್ ಮೆಸೇಜ್ ಆ ದಿನದ ತಿಳಿವಳಿಕೆಗೆ ಕಟ್ಟುಬಿದ್ದು ಉಳಿಯುತ್ತದೆ. ಕಾಗುಣಿತ ತಿದ್ದಿದ್ದಕ್ಕೆ ಒಂದು ಸಾಲು ಸಾಕು, ಒಪ್ಪುತ್ತೇನೆ. ಲಾಕ್ ಬಿಡುವ ಸಾಲೊಂದನ್ನು ಮೇಲೆ ಕೆಳಗೆ ಸರಿಸಿದ್ದಕ್ಕೆ ಎರಡು ಪ್ಯಾರಾ ಬರೆದರೂ ಹೆಚ್ಚಲ್ಲ.

ಈ ವಿವರಣೆಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಲ್ಲ ಎಂಬ ಅಳುಕು ನಮ್ಮಲ್ಲಿ ನಿಜವಾಗಿ ಇರುವಂಥದ್ದು. ಆದರೆ ಕರ್ನೆಲ್ ಬಯಸುವುದು ಅಲಂಕಾರವನ್ನಲ್ಲ: ಎಪ್ಪತ್ತರಿಂದ ಎಪ್ಪತ್ತೈದು ಅಕ್ಷರ ಮೀರದ ಶೀರ್ಷಿಕೆ, ಬಳಕೆದಾರರಿಗೆ ಆದ ತೊಂದರೆ, ಅದರ ಕಾರಣ, ಈ ಪರಿಹಾರವನ್ನೇ ಆರಿಸಿದ್ದೇಕೆ. ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳೇ, ಕಾರಣವನ್ನು ಮೊದಲು ಕನ್ನಡದಲ್ಲೇ ಬರೆದುಕೊಳ್ಳಿ. ಅಲ್ಲಿ ಅದು ಸ್ಪಷ್ಟವಾಗದಿದ್ದರೆ ಪ್ಯಾಚ್ ಇನ್ನೂ ಕಳಿಸಬೇಡಿ.