ಕರಿ ವೈರಿನ ಪಕ್ಕ ಕರಿ ವೈರ್: ಮದರ್‌ಬೋರ್ಡಿಗೆ ಕರೆಂಟ್ ಬಂದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇವತ್ತಿನ ಸಂಚಿಕೆ ತುಳಸಿಗೇರಿಯಿಂದ. ಹಿಂದ ಗಂಟಿ ಸಪ್ಪಳ ಕೇಳಿದ್ರ ಸ್ವಲ್ಪ ಹೊಂದಿಸ್ಕೊಳ್ರಿ. ಇವತ್ತು ಶನಿವಾರ, ಹನಮಪ್ಪನ ಗುಡಿಗೆ ಜನ ಭಾಳ.

ನಾನು ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ. ಹೋದ ವರ್ಷ ಎಡಿಟಿಂಗಿಗೆ ಅಂತ ಕಂಪ್ಯೂಟರ್ ಜೋಡಿಸ್ತಿದ್ದೆ. ಮದರ್‌ಬೋರ್ಡ್ ಸೆಕೆಂಡ್ ಹ್ಯಾಂಡ್, ಪವರ್ ಸಪ್ಲೈ ಮಾತ್ರ ಹೊಸದು. ಹಳೇ ಸಪ್ಲೈನ ಕೇಬಲ್‌ಗಳು ಕ್ಯಾಬಿನೆಟ್ಟಿನೊಳಗ ಚಂದಾಗಿ ಕಟ್ಟಿದ್ವು. ಅವನ್ಯಾಕ ಬಿಚ್ಚೂದು ಅಂತ, ಅವೇ ಕೇಬಲ್ ಹೊಸ ಸಪ್ಲೈಗೆ ಹಾಕಿದೆ. ಸರಿಯಾಗಿ ಕುಂತ್ವು. ಸ್ವಿಚ್ ಒತ್ತಿದೆ. 'ಟಕ್' ಅಂತು, ಸುಟ್ಟ ವಾಸನೆ ಬಂತು. ಹೋದದ್ದು ಹಾರ್ಡ್ ಡಿಸ್ಕ್. ಅದರಾಗ ನಮ್ಮ ಓಣಿಯ ಅಜ್ಜಾರೊಬ್ಬರ ಎರಡು ತಾಸಿನ ರೆಕಾರ್ಡಿಂಗ್ ಇತ್ತು. ಊರಿಗೆ ಕರೆಂಟ್ ಬರೂಕಿಂತ ಮೊದಲು ರಾತ್ರಿ ಹೆಂಗಿರ್ತಿತ್ತು ಅನ್ನೋ ಮಾತು. ಎರಡನೇ ಕಾಪಿ ಇಟ್ಟಿರಲಿಲ್ಲ.

ಪ್ಲಗ್ ಸರಿಯಾಗಿ ಕುಂತಿತ್ತು, ಆದರೂ ಸುಡ್ತು. ಯಾಕ? ನಾನು ಬಿಕಾಂ ಓದಿದವ, ಎಂಜಿನಿಯರ್ ಅಲ್ಲ. ಉತ್ತರ ಹುಡುಕ್ತಾ ಹೋದಾಗ ಸಿಕ್ಕಿದ್ದು ನಲವತ್ತು ವರ್ಷದ ಒಂದು ಇತಿಹಾಸ.

1981ರ ಆಗಸ್ಟ್. ಅಮೆರಿಕದಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ತಂದಿತು. ಅದರ ಪವರ್ ಸಪ್ಲೈ ಸಾಮರ್ಥ್ಯ ಬರೀ 63.5 ವ್ಯಾಟ್. ನಮ್ಮನ್ಯಾಗಿನ ಸೀಲಿಂಗ್ ಫ್ಯಾನ್ ತಿನ್ನೋವಷ್ಟು ಕರೆಂಟಿನಾಗ ಇಡೀ ಕಂಪ್ಯೂಟರ್ ನಡೀತಿತ್ತು. ಮದರ್‌ಬೋರ್ಡಿನ ಚಿಪ್‌ಗಳಿಗೆ ಬೇಕಾದದ್ದು 5 ವೋಲ್ಟ್. 12 ವೋಲ್ಟ್ ಮುಖ್ಯವಾಗಿ ಬೇಕಾಗಿದ್ದು ಫ್ಲಾಪಿ ಡ್ರೈವಿನ ಮೋಟರಿಗೆ.

ಬೋರ್ಡಿಗೆ ಕರೆಂಟ್ ಕೊಡಲು ಎರಡು ಪ್ಲಗ್ ಇದ್ದವು: ಪಿ8 ಮತ್ತು ಪಿ9. ಎರಡಕ್ಕೂ ಆರಾರು ಪಿನ್. ಅಕ್ಕಪಕ್ಕ ಕೂರುತ್ತಿದ್ದವು, ನೋಡೋಕೆ ಅಣ್ಣ ತಮ್ಮ ಇದ್ದಂಗ. ಅದಲು ಬದಲು ಮಾಡಿ ಹಾಕಿದರೆ ಬೋರ್ಡ್ ಸುಟ್ಟಂತೆಯೇ. ಅದಕ್ಕೆ ರಿಪೇರಿ ಮಾಡುವವರು ಒಂದು ಸೂತ್ರ ಇಟ್ಟುಕೊಂಡಿದ್ದರು: ಕರಿ ವೈರಿನ ಪಕ್ಕ ಕರಿ ವೈರ್ ಬರಬೇಕು. ಅಂದ್ರ ಆಗ ಬೋರ್ಡ್ ಉಳಿಸ್ತಿದ್ದದ್ದು ಪ್ಲಗ್ಗಿನ ಆಕಾರ ಅಲ್ಲ, ಮನುಷ್ಯನ ನೆನಪು.

ಇದು ಬದಲಾದದ್ದು 1995ರಲ್ಲಿ. ಇಂಟೆಲ್ ಕಂಪನಿ ಎಟಿಎಕ್ಸ್ ಅನ್ನುವ ಹೊಸ ಮಾನದಂಡ ತಂದಿತು. ಎರಡು ಪ್ಲಗ್ ಹೋಗಿ 20 ಪಿನ್ನಿನ ಒಂದೇ ಪ್ಲಗ್ ಬಂತು. ಅದರ ಕೆಲವು ಪಿನ್ನಿನ ಮನೆ ಚೌಕ, ಕೆಲವಕ್ಕೆ ಮೂಲೆ ಕತ್ತರಿಸಿದ್ದು. ಹಾಗಾಗಿ ತಿರುವಿ ಹಾಕಲು ಬರೋದೇ ಇಲ್ಲ. ಜೊತೆಗೆ ಒಂದು ಹಸಿರು ವೈರ್ ಬಂತು: ಸಪ್ಲೈಯನ್ನು ಆನ್ ಆಫ್ ಮಾಡುವ ಹುಕುಂ ಈಗ ಮದರ್‌ಬೋರ್ಡಿನದೇ. ಅದಕ್ಕೂ ಮೊದಲು ಕೆಲಸ ಮುಗಿದ ಮೇಲೆ 'ಇನ್ನು ಆಫ್ ಮಾಡಬಹುದು' ಅಂತ ಸ್ಕ್ರೀನ್ ಮೇಲೆ ಬರೋದು, ನಾವೇ ಕೈಯಿಂದ ಬಟನ್ ಒತ್ತಬೇಕಿತ್ತು. 1997ರಲ್ಲಿ ಬಾಗಲಕೋಟೆ ವಿಜಾಪುರದಿಂದ ಬೇರೆಯಾಗಿ ಜಿಲ್ಲೆ ಆಯ್ತಲ್ರಿ, ಆಗ ಈ ಎಟಿಎಕ್ಸಿಗೆ ಎರಡೇ ವರ್ಷ.

ಇಲ್ಲಿಂದ ಮುಂದಿನ ಕಥೆ ತಿಳೀಬೇಕಂದ್ರ ಸ್ವಲ್ಪ ಹಿಂದ, ಕಾವೇರಿ ದಂಡಿಗೆ ಹೋಗ್ಬೇಕು. 1902. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಶಿವನಸಮುದ್ರ ಯೋಜನೆಯಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯಿತು. ಅಷ್ಟು ದೂರ ವೈರ್ ಬಿಸಿಯಾಗದಂಗ ಕಳಿಸೋದು ಹೆಂಗ? ವೋಲ್ಟ್ ಏರಿಸಿ, ಆಂಪಿಯರ್ ಇಳಿಸಿ.

ಎಪಿಎಂಸಿ ಗೋದಾಮು ಕಣ್ಮುಂದೆ ತಂದುಕೊಳ್ಳಿ. ಒಂದು ಲಾರಿ ಉಳ್ಳಾಗಡ್ಡಿ ಒಳಗ ಹೋಗಬೇಕು. ಚೀಲ ಸಣ್ಣದಿದ್ರ ಹಮಾಲರು ಹೆಚ್ಚು ಬೇಕು, ಬಾಗಿಲಲ್ಲಿ ನೂಕುನುಗ್ಗಲು. ಚೀಲ ದೊಡ್ಡದಿದ್ರ ಹಮಾಲರು ಕಡಿಮಿ. ವೋಲ್ಟ್ ಅಂದ್ರ ಚೀಲದ ಗಾತ್ರ, ಆಂಪಿಯರ್ ಅಂದ್ರ ಹಮಾಲರ ಸಂಖ್ಯೆ, ಬಾಗಿಲು ಅಂದ್ರ ಪ್ಲಗ್ಗಿನ ಪಿನ್. ಆಂಪಿಯರ್ ಎರಡು ಪಟ್ಟಾದರೆ ಪಿನ್ನಿನ ಬಿಸಿ ನಾಲ್ಕು ಪಟ್ಟಾಗುತ್ತದೆ.

ಶಿವನಸಮುದ್ರದ ಈ ಪಾಠ ಮದರ್‌ಬೋರ್ಡಿಗೆ ಬಂದದ್ದು 2000ನೇ ಇಸವಿಯಲ್ಲಿ, ಪೆಂಟಿಯಂ 4 ಜೊತೆ. ಅಲ್ಲಿವರೆಗೆ ಪ್ರೊಸೆಸರಿಗೆ ಬರುವ ಕರೆಂಟ್ ಸಾಮಾನ್ಯವಾಗಿ 5 ವೋಲ್ಟ್ ವೈರಿನಿಂದಲೇ ಬರುತ್ತಿತ್ತು. ಹಸಿವು ಜಾಸ್ತಿಯಾದಂಗ ಪಿನ್ ಬಿಸಿ ಆಗತೊಡಗಿದವು. ಪ್ರೊಸೆಸರಿಗಂತಲೇ 12 ವೋಲ್ಟಿನ, 4 ಪಿನ್ನಿನ ಬೇರೆ ಪ್ಲಗ್ ಕೊಟ್ಟರು. ಒಂದು ಕಾಲಕ್ಕೆ ಮೋಟರ್ ತಿರುಗಿಸಲು ಇದ್ದ 12 ವೋಲ್ಟೇ ಈಗ ಯಜಮಾನ. 2003ರಲ್ಲಿ ದೊಡ್ಡ ಪ್ಲಗ್ 24 ಪಿನ್ ಆಯಿತು. ಸರ್ವರ್‌ಗಳಲ್ಲಿದ್ದ 8 ಪಿನ್ನಿನ ಪ್ರೊಸೆಸರ್ ಪ್ಲಗ್ ಕೂಡ ಮನೆಯ ಕಂಪ್ಯೂಟರಿಗೆ ಬಂತು.

ಈಗಿನ ಹೈ-ಎಂಡ್ ಬೋರ್ಡ್ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿನ ಅಂಗಡಿಯಲ್ಲಿ ಕೈಗೆತ್ತಿಕೊಂಡರೆ ಮೇಲಿನ ಮೂಲೆಯಲ್ಲಿ ಆ 8 ಪಿನ್ ಪ್ಲಗ್ ಎರಡೆರಡು ಕಾಣುತ್ತವೆ. ಲೆಕ್ಕ ಹಾಕೋಣ, ಲೆಕ್ಕ ನಮ್ಮ ಕೆಲಸ. ಇಂಟೆಲ್‌ನ ಕೋರ್ ಐ9-14900ಕೆ ಪ್ರೊಸೆಸರಿನ ಗರಿಷ್ಠ ಟರ್ಬೊ ಮಿತಿ 253 ವ್ಯಾಟ್. ಅಷ್ಟು ವ್ಯಾಟ್ ಗೋಡೆಯ 230 ವೋಲ್ಟ್ ಸಾಕೆಟ್ಟಿನಲ್ಲಿ 1.1 ಆಂಪಿಯರ್. 12 ವೋಲ್ಟಿನ ಪ್ಲಗ್ಗಿನಲ್ಲಿ 21 ಆಂಪಿಯರ್. ಪ್ರೊಸೆಸರಿನ ಬಾಯಿಗೆ ಬರುವಾಗ ಸುಮಾರು 1.25 ವೋಲ್ಟ್ ಅಂತ ಹಿಡಿದರೆ 200 ಆಂಪಿಯರ್! ಅದೇ ಉಳ್ಳಾಗಡ್ಡಿ, ಕೊನೆಯ ಎರಡಿಂಚಿನಲ್ಲಿ ಸಾವಿರಾರು ಸಣ್ಣ ಚೀಲ. ಆ ಚೀಲ ಬದಲಿಸುವ ಕೆಲಸ ಪ್ರೊಸೆಸರಿನ ಸುತ್ತ ಹೀಟ್‌ಸಿಂಕ್ ಕೆಳಗೆ ಕೂತ ವಿಆರ್‌ಎಂ ಭಾಗದ್ದು. ದುಬಾರಿ ಬೋರ್ಡಿಗೆ ನೀವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೇ. ಎರಡನೇ 8 ಪಿನ್ ಪ್ಲಗ್ ಮಾತ್ರ ಹೆಚ್ಚಾಗಿ ಬೇಕಾಗುವುದು ಓವರ್‌ಕ್ಲಾಕ್ ಮಾಡುವವರಿಗೆ.

ಆದರೆ ಇತಿಹಾಸ ಯಾವಾಗಲೂ ಮುಂದಕ್ಕೇ ಹೋಗೋದಿಲ್ಲ. 2022ರಲ್ಲಿ ಗ್ರಾಫಿಕ್ಸ್ ಕಾರ್ಡಿಗೆ 12ವಿಎಚ್‌ಪಿಡಬ್ಲ್ಯುಆರ್ ಅನ್ನುವ ಸಣ್ಣ ಪ್ಲಗ್ ಬಂತು. 600 ವ್ಯಾಟ್ ವರೆಗೆ ಹೊರುತ್ತೆ ಅಂದರು. ಹಳೆಯ 8 ಪಿನ್ ಗ್ರಾಫಿಕ್ಸ್ ಪ್ಲಗ್ 150 ವ್ಯಾಟಿನದು, ಅದರ ಒಂದೊಂದು 12 ವೋಲ್ಟ್ ಪಿನ್ನಿಗೆ ಬೀಳುತ್ತಿದ್ದುದು ಸುಮಾರು 4 ಆಂಪಿಯರ್. ಹೊಸದರಲ್ಲಿ 50 ಆಂಪಿಯರ್ ಆರು ಪಿನ್ನಿಗೆ ಹಂಚಿಕೆ, ತಲಾ 8.3. ಆ ಪಿನ್ನಿನ ಮಿತಿಯೇ ಸುಮಾರು 9. ಬಾಗಿಲು ಸಣ್ಣದು, ಹಮಾಲರು ಡಬಲ್. ಆ ಅಕ್ಟೋಬರಿನಲ್ಲಿ ಆರ್‌ಟಿಎಕ್ಸ್ 4090 ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ಕರಗಿದ ಪ್ಲಗ್ಗಿನ ಫೋಟೊಗಳು ಹರಿದಾಡಿದವು. ಪ್ಲಗ್ ಪೂರ್ತಿ ಕುಂತಿರಲಿಲ್ಲ ಅನ್ನೋದೇ ಸಾಮಾನ್ಯ ಕಾರಣ ಅಂತ ಎನ್‌ವಿಡಿಯಾ ಹೇಳಿತು. ಮರುವರ್ಷ 12ವಿ-2x6 ಅಂತ ತಿದ್ದಿದ ಪ್ಲಗ್ ಬಂತು. ಅದರ ಸಣ್ಣ ಸೂಚನಾ ಪಿನ್‌ಗಳನ್ನು ಇನ್ನೂ ಗಿಡ್ಡ ಮಾಡಿದರು. ಪ್ಲಗ್ ಅರ್ಧಂಬರ್ಧ ಕುಂತರೆ ಕಾರ್ಡಿಗೆ ಗೊತ್ತಾಗಲಿ ಅಂತ. ಮತ್ತೆ ಅದೇ ಪ್ರಯತ್ನ: ಮನುಷ್ಯನ ನೆನಪಿನ ಮೇಲೆ ಬಿಡದೆ, ಆಕಾರದಲ್ಲೇ ತಪ್ಪು ತಡೆಯೋದು.

ಹಂಗಾದ್ರ ನನ್ನ ಹಾರ್ಡ್ ಡಿಸ್ಕ್ ಯಾಕ ಸುಡ್ತು? ಈ ಮಾನದಂಡ ಎಲ್ಲ ಇರೋದು ಕೇಬಲ್ಲಿನ ಒಂದು ತುದಿಗೆ ಮಾತ್ರ, ಅಂದ್ರ ಬೋರ್ಡ್, ಡಿಸ್ಕ್ ಕಡೆಯ ತುದಿಗೆ. ಬಿಚ್ಚಿ ಹಾಕುವ ಕೇಬಲ್ ಇದ್ದರೆ, ಸಪ್ಲೈ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಅನ್ನೋದು ಆಯಾ ಕಂಪನಿಯ ಇಷ್ಟ. ಒಂದೇ ಕಂಪನಿಯ ಎರಡು ಮಾಡೆಲ್ ನಡುವೆಯೂ ಬದಲಾಗಬಹುದು. ಪ್ಲಗ್ ಕುಂತ್ಕೊಳ್ತದ, ಆದ್ರ 5 ವೋಲ್ಟ್ ಇರೋ ಜಾಗಕ್ಕ 12 ಹೋಗಬಹುದು. ಆ ತುದಿ ಇನ್ನೂ 1981ರಲ್ಲೇ ಐತಿ ನೋಡ್ರಿ. ಅಲ್ಲಿ ಕರಿ ವೈರಿನ ಸೂತ್ರ ಕೂಡ ಇಲ್ಲ, ಈಗ ಎಲ್ಲ ವೈರೂ ಕರಿಯವೇ.

ಅದಕ್ಕ ಗೆಳೆಯರಿಗೆ ನಾನು ಹೇಳೋದು ಮೂರು ಮಾತು. ಪವರ್ ಸಪ್ಲೈ ಬದಲಿಸಿದರೆ ಅದರ ಜೊತೆ ಬಂದ ಕೇಬಲ್ಲನ್ನೇ ಹಾಕಿ, ಹಳೆಯವನ್ನು ಪೂರ್ತಿ ತೆಗೆಯಿರಿ. ಸೆಕೆಂಡ್ ಹ್ಯಾಂಡ್ ಸಪ್ಲೈ ಕೊಳ್ಳುವಾಗ ಕೇಬಲ್ ಇಲ್ಲದಿದ್ದರೆ ಎಷ್ಟೇ ಅಗ್ಗ ಇದ್ದರೂ ಬಿಡಿ. ಪ್ಲಗ್ 'ಕಟ್' ಅಂತ ಕೂತ ಮೇಲೆ ಬೆರಳಿಂದ ಇನ್ನೊಮ್ಮೆ ಒತ್ತಿ ನೋಡಿ.

ಅಜ್ಜಾರ ಹತ್ತಿರ ಮತ್ತೆ ಹೋಗಿದ್ದೆ. ಈಗ ಕಿವಿ ಅಷ್ಟು ಕೇಳೋದಿಲ್ಲ, ಮಾತೂ ಮೊದಲಿನಷ್ಟು ಬರಲಿಲ್ಲ. ಇಪ್ಪತ್ತು ನಿಮಿಷ ಸಿಕ್ಕಿತು. ಮುಂದಿನ ವಾರ ಅದನ್ನೇ ಕೇಳಿಸ್ತೀನಿ. ಈ ಸಲ ಮೂರು ಕಡೆ ಕಾಪಿ ಇಟ್ಟೀನಿ. ಬರ್ತೀನ್ರಿ, ನಮಸ್ಕಾರ.