ಸರ್ವಶಕ್ತನ ಮಿತಿ

ದೇವರು ಎಲ್ಲವನ್ನೂ ಮಾಡಬಲ್ಲನೆಂದು ಒಪ್ಪಿದ ಕೂಡಲೇ ತಲೆಯೆತ್ತುವ ತಾರ್ಕಿಕ ತೊಡಕುಗಳನ್ನು ಸರ್ವಶಕ್ತಿಯ ವಿರೋಧಾಭಾಸಗಳೆಂದು ಕರೆಯುತ್ತಾರೆ. ತಾನೇ ಎತ್ತಲಾರದಂಥ ಬಂಡೆಯನ್ನು ದೇವರು ಸೃಷ್ಟಿಸಬಲ್ಲನೆ ಎಂಬುದು ಇವುಗಳಲ್ಲಿ ಹೆಸರಾದದ್ದು. ಬಲ್ಲ ಎಂದರೆ ಅವನು ಎತ್ತಲಾಗದ ವಸ್ತುವೊಂದು ಹುಟ್ಟಿತು. ಸೃಷ್ಟಿಸಲಾರ ಎಂದರೆ ಅವನು ಮಾಡಲಾಗದ ಕೆಲಸವೊಂದು ಉಳಿಯಿತು. ಕರ್ನಾಟಕದಲ್ಲಿ ಈ ಚರ್ಚೆ ಬಂಡೆಯ ಸುತ್ತ ಬೆಳೆಯಲಿಲ್ಲ. ಕರ್ಮ, ಜೀವಸ್ವಭಾವ, ವೇದ ಇವೆಲ್ಲ ಅನಾದಿ ಎಂದ ಮೇಲೆ ಈಶ್ವರನ ಕೈಯಲ್ಲಿ ಉಳಿಯುವುದೇನು ಎಂದು ಇಲ್ಲಿನ ವಾದಿಗಳು ಕೇಳಿದರು. ಆ ವಾದದ ಒಂದು ದೊಡ್ಡ ನೆಲೆ ಈಗಿನ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿತ್ತು.

ಕನ್ನಡ ನಾಡಿನಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಖಾರವಾಗಿ ಎತ್ತಿದವರು ಜೈನರು. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, 9ನೆಯ ಶತಮಾನದಲ್ಲಿ, ಜಿನಸೇನಾಚಾರ್ಯರು ಬರೆದ ಸಂಸ್ಕೃತ ಆದಿಪುರಾಣದಲ್ಲಿ ಸೃಷ್ಟಿಕರ್ತನ ಕಲ್ಪನೆಯ ಮೇಲೆ ಪ್ರಶ್ನೆಗಳ ಸರಮಾಲೆಯೇ ಇದೆ. ಜಗತ್ತು ಇಲ್ಲದಾಗ ಕರ್ತೃ ಎಲ್ಲಿ ನಿಂತಿದ್ದ? ಸಾಮಗ್ರಿ ಎಲ್ಲಿಂದ ತಂದ? ಪರಿಪೂರ್ಣನಾಗಿದ್ದರೆ ಸೃಷ್ಟಿಸಬೇಕೆಂಬ ಆಸೆ ಏಕೆ ಹುಟ್ಟಿತು? ಇವೆಲ್ಲದರ ನಡುವೆ ಅತಿ ಹರಿತವಾದದ್ದು ಕರ್ಮವನ್ನು ಕುರಿತ ಪ್ರಶ್ನೆ. ಜೀವಿಗಳ ಕರ್ಮಕ್ಕೆ ತಕ್ಕಂತೆ ಈಶ್ವರ ದೇಹಗಳನ್ನು ಕೊಡುತ್ತಾನೆ ಎಂದರೆ ಅವನು ನೇಕಾರನಂತೆ ಪರಾಧೀನನಾದ. ನೂಲಿಲ್ಲದೆ ನೇಕಾರನ ಕೈ ಓಡದು. ಅಂಥವನನ್ನು ಈಶ್ವರನೆನ್ನುವುದು ಹೇಗೆ? ಕರ್ಮವನ್ನು ಲೆಕ್ಕಿಸದೆ ಸೃಷ್ಟಿಸಿದನೆಂದರೆ ಲೋಕದ ದುಃಖವೆಲ್ಲ ಅವನ ತಲೆಗೇ ಬರುತ್ತದೆ. ಎರಡೂ ಕಡೆ ಹೀಗೆ ದಾರಿ ಕಟ್ಟಿದ ಈ ವಾದದ ಬಿಗಿ ಇಂದಿಗೂ ಸಡಿಲವಾಗಿಲ್ಲ. ಜಿನಸೇನರ ಈ ಗ್ರಂಥವೇ ಮುಂದೆ 941ರಲ್ಲಿ ಪಂಪನ ಕನ್ನಡ ಆದಿಪುರಾಣಕ್ಕೆ ಆಧಾರವಾಯಿತು.

ವೇದಾಂತಿಗಳಿಗೆ ಈ ಆಕ್ಷೇಪ ಹೊಸದಾಗಿರಲಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ಈಶ್ವರನ ಮೇಲಿನ ಪಕ್ಷಪಾತ, ನಿರ್ದಯತೆಗಳ ಆರೋಪವನ್ನು ನೇರವಾಗಿ ಎದುರಿಸುತ್ತದೆ. ಶಂಕರರ ಉತ್ತರ ಸುಪರಿಚಿತ: ಮಳೆ ಎಲ್ಲ ಬೆಳೆಗೂ ಸಮಾನ ಕಾರಣ, ಭತ್ತವೋ ಜವೆಯೋ ಎಂಬ ಭೇದ ಬೀಜದ್ದು, ಹಾಗೆಯೇ ಸುಖದುಃಖಗಳ ಭೇದ ಕರ್ಮದ್ದು. ಇದರಿಂದ ಈಶ್ವರನ ಮೇಲಿನ ದೋಷವೇನೋ ತೊಲಗುತ್ತದೆ, ಆದರೆ ಜಿನಸೇನರು ಹೇಳಿದ ಪರಾಧೀನತೆ ಅಲ್ಲೇ ಉಳಿಯುತ್ತದೆ. ಇಬ್ಬರು ಸರ್ವಶಕ್ತರು ಇರಬಹುದೆ ಎಂಬ ಪ್ರಶ್ನೆಯನ್ನೂ ಭಾರತೀಯರು ಬಹಳ ಹಿಂದೆಯೇ ಕೈಗೆತ್ತಿಕೊಂಡಿದ್ದರು. ಸಮಬಲದ ಇಬ್ಬರು ಈಶ್ವರರಲ್ಲಿ ಒಬ್ಬ ಒಂದು ವಸ್ತು ಹೊಸದಾಗಿರಲಿ ಎಂದು, ಇನ್ನೊಬ್ಬ ಅದೇ ಹಳೆಯದಾಗಿರಲಿ ಎಂದು ಏಕಕಾಲದಲ್ಲಿ ಬಯಸಿದರೆ ಯಾರಾದರೂ ಒಬ್ಬನ ಇಚ್ಛೆ ಸೋಲಲೇಬೇಕು ಎಂದು ಯೋಗಸೂತ್ರದ ವ್ಯಾಸಭಾಷ್ಯ ವಾದಿಸುತ್ತದೆ. ಮುಕ್ತರಿಗೆ ಬೇಕಾದ ಐಶ್ವರ್ಯವೆಲ್ಲ ದೊರೆತರೂ ಜಗತ್ತನ್ನು ನಡೆಸುವ ಅಧಿಕಾರ ಮಾತ್ರ ಇಲ್ಲ ಎಂದು ಬ್ರಹ್ಮಸೂತ್ರದ ಕೊನೆಯ ಪಾದ ಹೇಳುವಾಗಲೂ ಶಂಕರರು ಇಂಥದೇ ಕಾರಣ ಕೊಡುತ್ತಾರೆ.

ಪರಾಧೀನತೆಯ ಆಕ್ಷೇಪವನ್ನು ಬೇರುಸಹಿತ ಕೀಳಲು ಹೊರಟವರು ಉಡುಪಿಯ ಬಳಿಯ ಪಾಜಕದ ಮಧ್ವಾಚಾರ್ಯರು (1238–1317). ಅವರ ತತ್ತ್ವಸಂಖ್ಯಾನ ಆರಂಭದಲ್ಲೇ ಇರುವುದೆಲ್ಲವನ್ನೂ ಸ್ವತಂತ್ರ, ಪರತಂತ್ರ ಎಂದು ಎರಡಾಗಿ ಸೀಳುತ್ತದೆ. ಸ್ವತಂತ್ರನು ವಿಷ್ಣು ಒಬ್ಬನೇ. ಪ್ರಕೃತಿ, ಕಾಲ, ಕರ್ಮ, ಜೀವ ಇವು ಅನಾದಿಯೇ ಸರಿ, ಆದರೆ ಅವು ಇರುವುದೇ ಅವನ ಅನುಗ್ರಹದಿಂದ; ಅವನು ಉಪೇಕ್ಷಿಸಿದರೆ ಇಲ್ಲ. ಇದಕ್ಕೆ ಅವರು ಭಾಗವತದ ಎರಡನೆಯ ಸ್ಕಂಧದ ಆಧಾರ ಕೊಡುತ್ತಾರೆ. ಹಾಗಾದರೆ ಈಶ್ವರ ಕರ್ಮವನ್ನು ಅನುಸರಿಸುವುದು ಅಧೀನತೆಯಲ್ಲ. ಯಾವ ಕರ್ಮವನ್ನು ಅನುಸರಿಸುತ್ತಾನೋ ಅದರ ಇರವೇ ಅವನ ವಶದಲ್ಲಿದೆ. ನೇಕಾರನ ದೃಷ್ಟಾಂತ ಇಲ್ಲಿ ಕೆಲಸ ಮಾಡುವುದಿಲ್ಲ, ಏಕೆಂದರೆ ನೂಲಿನ ಅಸ್ತಿತ್ವ ನೇಕಾರನ ಇಚ್ಛೆಯ ಮೇಲೆ ನಿಂತಿಲ್ಲ. ಬ್ರಹ್ಮಕ್ಕೆ ಅವಯವಗಳಿಲ್ಲದಿದ್ದರೆ ಅದು ಇಡಿಯಾಗಿ ಜಗತ್ತಾಗಿಬಿಡಬೇಕಾಗುತ್ತದೆ ಎಂಬ ಆಕ್ಷೇಪದ ಸೂತ್ರವನ್ನು ಮಧ್ವರು ಜೀವನ ಕಡೆಗೆ ತಿರುಗಿಸಿದ್ದು ಇನ್ನೂ ಸೊಗಸು. ನಿರವಯವನಾದ ಜೀವನೇ ಸ್ವತಂತ್ರ ಕರ್ತೃವಾಗಿದ್ದರೆ ಒಂದು ಹುಲ್ಲುಕಡ್ಡಿ ಎತ್ತುವುದಕ್ಕೂ ತನ್ನ ಸಾಮರ್ಥ್ಯವನ್ನೆಲ್ಲ ಹಾಕಬೇಕಾಗುತ್ತಿತ್ತು, ಅನುಭವ ಹಾಗಿಲ್ಲ. ಈಶ್ವರನಿಗೆ ಈ ತೊಡಕು ಅಂಟುವುದಿಲ್ಲ, ಅವನದು ಅಚಿಂತ್ಯ ಶಕ್ತಿ.

ಈ ಉತ್ತರಕ್ಕೆ ತೆರಬೇಕಾದ ಬೆಲೆಯೂ ಇದೆ. ಮಧ್ವಮತದಲ್ಲಿ ಜೀವರು ಸ್ವಭಾವತಃ ಮೂರು ಬಗೆ: ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ಶಾಶ್ವತ ಕತ್ತಲಿಗೆ ಸಲ್ಲುವ ತಮೋಯೋಗ್ಯರು. ಎಲ್ಲವೂ ಅವನ ವಶದಲ್ಲಿದ್ದರೆ ತಮೋಯೋಗ್ಯನ ಸ್ವಭಾವವನ್ನು ಏಕೆ ಬದಲಿಸುವುದಿಲ್ಲ? ಶಕ್ತಿಯಿಲ್ಲದೆ ಅಲ್ಲ, ಅವನ ಅನಾದಿ ಸಂಕಲ್ಪ ಹಾಗಿಲ್ಲ ಎಂಬುದು ಸಂಪ್ರದಾಯದ ಮಾತು. ಶಕ್ತಿಯ ಗಂಟು ಇಲ್ಲಿ ಬಿಚ್ಚಿಕೊಳ್ಳುತ್ತದೆ, ಕರುಣೆಯ ಗಂಟು ಮಾತ್ರ ಇನ್ನಷ್ಟು ಬಿಗಿಯಾಗುತ್ತದೆ. ಎದುರುಪಕ್ಷದವರು ಮಧ್ವಮತವನ್ನು ಪದೇಪದೇ ಹಿಡಿದು ನಿಲ್ಲಿಸಿದ್ದು ಇಲ್ಲಿಯೇ, ಮತ್ತು ಅದು ನ್ಯಾಯವಾದ ಪ್ರಶ್ನೆ.

ಮಧ್ವರ ಅನುವ್ಯಾಖ್ಯಾನಕ್ಕೆ ಜಯತೀರ್ಥರು ಬರೆದ ನ್ಯಾಯಸುಧಾ ಈ ವಾದಗಳಿಗೆ ಶಾಸ್ತ್ರೀಯ ರೂಪ ಕೊಟ್ಟಿತು. ಆ ನ್ಯಾಯಸುಧೆಗೆ ವಾಗ್ವಜ್ರವೆಂಬ ವ್ಯಾಖ್ಯಾನ ಬರೆದವರು 15ನೆಯ ಶತಮಾನದ ಶ್ರೀಪಾದರಾಜರು. ಮುಳಬಾಗಿಲಿನ ಹೊರವಲಯದ ನರಸಿಂಹತೀರ್ಥದಲ್ಲಿ ಅವರ ಮಠವೂ ಬೃಂದಾವನವೂ ಇವೆ. ರಂಗವಿಠಲ ಎಂಬ ಅಂಕಿತದಲ್ಲಿ ಕನ್ನಡ ಕೀರ್ತನೆಗಳನ್ನು ರಚಿಸಿದವರೂ ಅವರೇ. ಕಠಿಣ ತರ್ಕವೂ ತಾಯ್ನುಡಿಯ ಹಾಡೂ ಒಂದೇ ಮಠದಿಂದ ಹೊರಟವು ಎಂಬುದು ಕೋಲಾರ ಸೀಮೆ ಹೆಮ್ಮೆಪಡಬೇಕಾದ ಸಂಗತಿ. ಬನ್ನೂರಿನಲ್ಲಿ ಹುಟ್ಟಿದ ವ್ಯಾಸತೀರ್ಥರು ಮುಳಬಾಗಿಲಿಗೆ ಬಂದು ಶ್ರೀಪಾದರಾಜರ ಬಳಿ ಓದಿದರು. ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾಗಿ 1539ರಲ್ಲಿ ತೀರಿಕೊಂಡ ಅವರ ಬೃಂದಾವನ ಆನೆಗೊಂದಿಯ ನವಬೃಂದಾವನದಲ್ಲಿದೆ.

ವ್ಯಾಸತೀರ್ಥರ ತರ್ಕತಾಂಡವ ಈ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಕೃತಿ. ವೇದವನ್ನು ರಚಿಸಿದವನು ಈಶ್ವರ ಎಂದು ನೈಯಾಯಿಕರು ಹೇಳುತ್ತಿದ್ದರು. ವ್ಯಾಸತೀರ್ಥರು ಅದನ್ನು ಖಂಡಿಸಿ ವೇದ ಅಪೌರುಷೇಯ, ಅದಕ್ಕೆ ದೇವರೂ ಕರ್ತೃವಲ್ಲ ಎಂಬ ಪಕ್ಷವನ್ನು ಸಮರ್ಥಿಸಿದರು. ಮೇಲ್ನೋಟಕ್ಕೆ ಇದು ದೇವರ ಶಕ್ತಿಯನ್ನು ಕುಗ್ಗಿಸಿದಂತೆ ಕಾಣುತ್ತದೆ. ಆದರೆ ಪ್ರತಿ ಕಲ್ಪದಲ್ಲೂ ವೇದವನ್ನು ಮೊದಲಿದ್ದ ಅನುಕ್ರಮದಲ್ಲೇ ಹೊರಗೆಡಹುವುದು ಅವನ ನಿಯಮ. ಇಲ್ಲಿಯೂ ಮಿತಿ ಹೊರಗಿನಿಂದ ಬಂದದ್ದಲ್ಲ, ಅವನೇ ಇರಿಸಿಕೊಂಡದ್ದು. ಅವರ ಇನ್ನೊಂದು ಮಹಾಕೃತಿ ನ್ಯಾಯಾಮೃತಕ್ಕೆ ಮಧುಸೂದನ ಸರಸ್ವತಿಯವರು ಅದ್ವೈತಸಿದ್ಧಿಯಲ್ಲಿ ಉತ್ತರ ಕೊಟ್ಟರು. ಆ ವಾಗ್ವಾದ ತಲೆಮಾರುಗಟ್ಟಲೆ ಮುಂದುವರಿಯಿತು.

ಜನಸಾಮಾನ್ಯರು ಇದೇ ಪ್ರಶ್ನೆಯನ್ನು ವರದ ಕಥೆಗಳಲ್ಲಿ ಕಂಡರು. ಕೊಟ್ಟ ಮಾತನ್ನು ದೇವರು ಹಿಂದೆ ತೆಗೆದುಕೊಳ್ಳಬಹುದೆ? ಭಸ್ಮಾಸುರನಿಗೆ ವರ ಕೊಟ್ಟ ಶಿವ ಅದನ್ನು ರದ್ದುಮಾಡದೆ ಓಡಬೇಕಾಯಿತು. ಹಿರಣ್ಯಕಶಿಪುವಿನ ವರದಲ್ಲಿ ಹಗಲು, ರಾತ್ರಿ, ಒಳಗೆ, ಹೊರಗೆ, ಮನುಷ್ಯ, ಮೃಗ ಎಲ್ಲವೂ ಮುಚ್ಚಿದ್ದವು. ನರಸಿಂಹ ಒಂದು ಷರತ್ತನ್ನೂ ಮುರಿಯದೆ, ಸಂಜೆಯ ಹೊತ್ತು ಹೊಸ್ತಿಲ ಮೇಲೆ ಕೂತು ಅವನನ್ನು ಕೊಂದ. ಕೊಟ್ಟ ಮಾತೂ ಉಳಿಯಿತು, ಶಕ್ತಿಯೂ ಗೆದ್ದಿತು. ಮುಳಬಾಗಿಲಿನ ಮಠದವರು ಪೂಜಿಸುವ ಯೋಗನರಸಿಂಹನ ಹಿಂದಿರುವುದು ಈ ಕಥೆಯೇ.

ಪಶ್ಚಿಮದಲ್ಲಿ ಚರ್ಚೆ ಬೇರೆ ದಾರಿ ಹಿಡಿಯಿತು. 11ನೆಯ ಶತಮಾನದಲ್ಲಿ ಪೀಟರ್ ಡೇಮಿಯನ್ ನಡೆದುಹೋದದ್ದನ್ನು ದೇವರು ನಡೆಯದಂತೆ ಮಾಡಬಲ್ಲನೆ ಎಂದು ವಿಚಾರಿಸಿದ. ಅಸಾಧ್ಯವಾದದ್ದು ಶಕ್ತಿಯ ವ್ಯಾಪ್ತಿಗೇ ಬರುವುದಿಲ್ಲ ಎಂದು ಅಲ್ ಘಜಾಲಿಯೂ 13ನೆಯ ಶತಮಾನದಲ್ಲಿ ತಾಮಸ್ ಅಕ್ವಿನಾಸನೂ ಹೇಳಿದರು. ಗಣಿತದ ಸತ್ಯಗಳೂ ದೇವರ ಇಚ್ಛೆಯಿಂದಲೇ ನಿಂತಿವೆ ಎಂದು ಡೇಕಾರ್ಟ್ 1630ರಲ್ಲಿ ಬರೆದ. ಅನಾದಿಯೂ ಅಧೀನವೇ ಎಂಬ ಮಧ್ವರ ನಿಲುವಿಗೆ ಪಶ್ಚಿಮದಲ್ಲಿ ಹತ್ತಿರ ಬರುವವನು ಅವನೇ. 1955ರಲ್ಲಿ ಜೆ. ಎಲ್. ಮ್ಯಾಕಿ, ದೇವರು ತಾನೇ ನಿಯಂತ್ರಿಸಲಾರದ ಜೀವಿಗಳನ್ನು ಸೃಷ್ಟಿಸಬಲ್ಲನೆ ಎಂದು ಕೇಳಿದ. ಎತ್ತಲಾರದ ಬಂಡೆ ಎಂಬ ಮಾತೇ ಸ್ವವಿರೋಧಿ ಎಂದು ಜಾರ್ಜ್ ಮಾವ್ರೋಡಿಸ್ 1963ರಲ್ಲಿ ವಾದಿಸಿದ. ಮರುವರ್ಷ ಹ್ಯಾರಿ ಫ್ರಾಂಕ್‌ಫರ್ಟ್, ಸ್ವವಿರೋಧಿಯಾದ ಒಂದು ಕೆಲಸ ಮಾಡಬಲ್ಲವನು ಇನ್ನೊಂದನ್ನೂ ಮಾಡಿಯಾನು, ಅಂಥ ಬಂಡೆಯನ್ನು ಸೃಷ್ಟಿಸಿ ಎತ್ತಿಯೂ ಬಿಡುತ್ತಾನೆ ಎಂದ.

ಮುಳಬಾಗಿಲಿನಲ್ಲಿಯೇ 1887ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು 1943ರ ಮಂಕುತಿಮ್ಮನ ಕಗ್ಗದಲ್ಲಿ ದೇವರೆಂದರೇನು, ಈ ಸೃಷ್ಟಿಗೆ ಗುರಿಯುಂಟೆ ಎಂಬ ಸಂಶಯಗಳನ್ನು ಮತ್ತೆ ಕನ್ನಡದಲ್ಲಿ ಎತ್ತಿದರು, ಈ ಬಾರಿ ಯಾವ ಮಠದ ಸಿದ್ಧಾಂತಕ್ಕೂ ಕಟ್ಟುಬೀಳದೆ.