ಟಿ.ವಿ., ಕೇಬಲ್ ಬಾಕ್ಸ್ ಮತ್ತು ಸರೌಂಡ್ ಸೌಂಡ್ ಜೋಡಣೆ

ಕೇಬಲ್ ಬಾಕ್ಸಿನ ಚಿತ್ರ, ಧ್ವನಿಗಳನ್ನು ಎಚ್‌ಡಿಎಂಐ ತಂತಿಯಿಂದ ಟಿ.ವಿ.ಗೂ, ಟಿ.ವಿ.ಯ ಧ್ವನಿಯನ್ನು ಇನ್ನೊಂದು ಕೇಬಲ್‌ನಿಂದ ಸರೌಂಡ್ ಸ್ಪೀಕರುಗಳನ್ನು ನಡೆಸುವ ಆಂಪ್ಲಿಫೈಯರಿಗೂ ಒಯ್ಯುವ ವ್ಯವಸ್ಥೆ. ಈ ಎರಡನೆಯ ಕೊಂಡಿಗೆ 2009ರ ಎಚ್‌ಡಿಎಂಐ 1.4ರೊಡನೆ ಬಂದ ಎಆರ್‌ಸಿ (ಟಿ.ವಿ.ಯ ಧ್ವನಿಯನ್ನು ಎಚ್‌ಡಿಎಂಐ ತಂತಿಯಲ್ಲೇ ಆಂಪ್ಲಿಫೈಯರಿಗೆ ಕಳಿಸುವ ಸೌಲಭ್ಯ) ಇಂದಿನ ರೂಢಿ. ಆದರೆ ದಕ್ಷಿಣ ಕನ್ನಡದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಹೆಚ್ಚು ವಿವೇಕದ ಆಯ್ಕೆ, 1983ರಲ್ಲಿ ತೋಷಿಬಾ ತಂದ ಆಪ್ಟಿಕಲ್ ಕೇಬಲ್ಲೇ. ಕಾರಣ ಸಿಡಿಲು. ಘಟ್ಟದ ಮಗ್ಗುಲಿನ ಈ ಸೀಮೆಯಲ್ಲಿ ಮಳೆಗಾಲದ ಹಿಂದುಮುಂದಿನ ಸಂಜೆಗಳಲ್ಲಿ ಗುಡುಗು ಸಾಮಾನ್ಯ. ಅಡಿಕೆ ತೋಟ ದಾಟಿ ಬರುವ ಲೋಹದ ಕೇಬಲ್ ಹಿಡಿದು ನುಗ್ಗಿದ ವಿದ್ಯುತ್ತು ಬಾಕ್ಸಿನಿಂದ ಟಿ.ವಿ.ಗೆ, ಅಲ್ಲಿಂದ ಎಚ್‌ಡಿಎಂಐ ಮೂಲಕ ಆಂಪ್ಲಿಫೈಯರಿಗೂ ಹರಿಯಬಲ್ಲದು. ಬೆಳಕನ್ನಷ್ಟೇ ಒಯ್ಯುವ ಆಪ್ಟಿಕಲ್ ಎಳೆ ಆ ದಾರಿಯನ್ನು ಕಡಿಯುತ್ತದೆ.

ಆಪ್ಟಿಕಲ್‌ನಲ್ಲಿ ಡಾಲ್ಬಿ ಅಟ್ಮಾಸ್ (ಮೇಲಿನಿಂದಲೂ ಬಂದಂತೆ ಕೇಳಿಸುವ ಸರೌಂಡ್ ಧ್ವನಿ) ಬಾರದು, ಟಿ.ವಿ. ರಿಮೋಟಿನಿಂದಲೇ ಆಂಪ್ಲಿಫೈಯರನ್ನು ನಡೆಸುವ ಅನುಕೂಲವೂ ಇಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಕೇಬಲ್ ವಾಹಿನಿಗಳ ಧ್ವನಿ ಬಹುಮಟ್ಟಿಗೆ ಎರಡು ಚಾನೆಲ್‌ನದು, ಕೆಲವು ಎಚ್‌ಡಿ ವಾಹಿನಿಗಳಲ್ಲಿ ಡಾಲ್ಬಿ 5.1, ಎರಡಕ್ಕೂ ಆಪ್ಟಿಕಲ್ ಸಾಕು. ಯಕ್ಷಗಾನ ಕೇಳುವವರಿಗಂತೂ ಮುಂದಿನ ಸ್ಪೀಕರುಗಳೇ ಮುಖ್ಯ: ಭಾಗವತಿಕೆ, ಚೆಂಡೆ, ಮದ್ದಳೆಗಳೆಲ್ಲ ಪ್ರೇಕ್ಷಕನ ಎದುರಿನಿಂದಲೇ ಬರುವಂಥವು. ಸಿಡಿಲಿಗೆ ಮನೆಯ ವಿದ್ಯುತ್ ತಂತಿಯೂ ಒಂದು ದಾರಿ ಎಂಬ ಮಾತು ಮಾತ್ರ ಗಂಭೀರವಾದದ್ದು. ಅದಕ್ಕೆ ಆಪ್ಟಿಕಲ್ ಉತ್ತರವಲ್ಲ. ಮೋಡ ಕವಿಯುತ್ತಲೇ, ಗುಡುಗು ಶುರುವಾಗುವ ಮೊದಲೇ, ಪ್ಲಗ್ಗನ್ನೂ ಬಾಕ್ಸಿಗೆ ಬರುವ ಕೇಬಲನ್ನೂ ಕಳಚಿಡಿ.